ಖಾಲಿ ಬಿಟ್ಟ ಕೇಡಿನ ಸಾಲು

"ಈ ಅಚ್ಚು ಬಳಸಬೇಡಪ್ಪ. ಬಳಸಲೇಬೇಕು ಅಂದ್ರೆ ಕೇಡಿನ ಸಾಲು ಖಾಲಿ ಬಿಡಬೇಡ," ಎಂದ ಅಚ್ಚಿನ ಮನೆಯ ಮುದುಕ. "ಖಾಲಿ ಬಿಟ್ರೆ, ಮೊದಲು ಗಟ್ಟಿಯಾಗಿ ಓದಿದವರ ಹತ್ರ ಅದೇ ಕಿತ್ಕೊಳ್ಳುತ್ತೆ."

ಮೇಜಿನ ಸುತ್ತ ಕೂತು ಆಡುವ ಕತೆಯಾಟಗಳನ್ನು ತಯಾರಿಸುವ ಆ ಜಾಗಕ್ಕೆ ಹೊಸಬ ಸೇರಿ ಒಂಬತ್ತು ದಿನವಾಗಿತ್ತು. ಆಟದ ಮಾಯಾವಸ್ತುಗಳನ್ನು ಕಲ್ಪಿಸುವುದು ಅವನ ಕೆಲಸ. ವಸ್ತುವಿಗೊಂದು ಕಾರ್ಡು, ಮೇಲೆ ವರ, ಕೆಳಗೆ ಕೇಡು. ಎರಡೂ ಸರಿತೂಗಬೇಕು. ವರ ಹೆಚ್ಚಾದರೆ ಆಟ ಸಪ್ಪೆ. ಕೇಡು ಹೆಚ್ಚಾದರೆ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಮುದುಕ ತೋರಿಸಿದ ಮರದ ಅಚ್ಚು ಯಾವನೋ ಸತ್ತ ಮಾಟಗಾರನ ಪೆಟ್ಟಿಗೆಯದಂತೆ. ಅಂಚಿನ ತುಂಬ ಹೆಣೆದುಕೊಂಡ ಹಾವುಗಳು. ಅಷ್ಟು ಚಂದದ ಅಂಚನ್ನು ಬಿಡುವ ಆಸಾಮಿ ಇವನಲ್ಲ.

"ಅಚ್ಚಿಗೂ ಹಸಿವಾಗುತ್ತಾ ಅಜ್ಜ? ಮಧ್ಯಾಹ್ನ ಅದಕ್ಕೂ ಒಂದು ತಟ್ಟೆ ಇಡೋಣ ಬಿಡಿ," ಎಂದು ನಕ್ಕ.

ಅವನದೊಂದು ಪದ್ಧತಿ. ಮೊದಲು ವರವನ್ನಷ್ಟೇ ಬರೆದು ಆಡಿಸುವುದು. ಅದರ ಬಲ ಗೊತ್ತಾದ ಮೇಲೆ ಅಷ್ಟೇ ತೂಕದ ಕೇಡು ಸೇರಿಸುವುದು. ಗಾಯ ಮಾಯಿಸುವ ಕಂಚಿನ ಬಳೆಯನ್ನೂ ಹಾಗೇ ಬರೆದ. ಹನ್ನೆರಡು ಕಾರ್ಡು ಒತ್ತಿದ. ಶಾಯಿಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಹಳೆಯ ಶಾಯಿ ಎಂದುಕೊಂಡ.

ಕಿಟಕಿಯಿಲ್ಲದ ಆಟದ ಕೋಣೆಯ ಮಬ್ಬಿನಲ್ಲಿ ಮೊದಲ ಕಾರ್ಡು ಓದಿದವಳು ಅವನ ತಂಗಿ. ಆಟಗಾರರಿಗೆ ಕತೆ ಹೇಳುವುದೇ ಅವಳ ಉದ್ಯೋಗ. ಅವಳು ಬಾಯಿ ತೆರೆದರೆ ಬರೀ ಮೇಜಿನ ಮೇಲೆ ಕಾಡು ಬೆಳೆಯುತ್ತದೆ ಎನ್ನುತ್ತಿದ್ದರು. "ತೊಟ್ಟವರ ಗಾಯ ಕ್ಷಣದಲ್ಲಿ ಮಾಯುವುದು," ಎಂದು ಓದಿ ನಕ್ಕಳು. "ಕೇಡೇ ಇಲ್ವಲ್ಲ ಅಣ್ಣ! ಇದನ್ನ ಯಾರು ಬಿಡ್ತಾರೆ?"

ಆ ಕಾರ್ಡು ಜೇಬಿಗೆ ಹಾಕಿಕೊಂಡು, ಉಳಿದ ಹನ್ನೊಂದನ್ನು ಆಡಿ ನೋಡಲೆಂದು ಹನ್ನೊಂದು ಮನೆಗೆ ಕಳಿಸಿದ.

ಮರುದಿನ ರಜೆ. ಬೆಳಿಗ್ಗೆ ತಂಗಿ ಬಚ್ಚಲ ಮುಂದೆ ನಿಂತಿದ್ದಳು. "ಅಣ್ಣ, ಇದಕ್ಕೆ ಏನಂತಾರೆ?" ಬೆರಳು ಬಾಗಿಲ ಮೇಲಿತ್ತು. ತಮಾಷೆ ಎಂದುಕೊಂಡ. ತಿಂಡಿಯ ಹೊತ್ತಿಗೆ ನೀರು ಎಂಬ ಮಾತು ಹೋಯಿತು. ಚಮಚ ಹೋಯಿತು. ಅಮ್ಮನ ಹೆಸರು ಹೋಯಿತು. ಗಂಟಲು ಹಿಡಿದುಕೊಂಡು ಅತ್ತಳು. ಅವಳ ಉಸಿರಿನಲ್ಲಿ ಸುಟ್ಟ ಕೂದಲಿನ ವಾಸನೆ.

ಅವನು ಜೇಬಿನ ಕಾರ್ಡು ತೆಗೆದ. ಖಾಲಿ ಸಾಲಿನಲ್ಲಿ ಹಸಿ ಶಾಯಿ ಮೂಡಿತ್ತು: ಪ್ರತಿ ಬಳಕೆಗೂ, ಓದಿದವಳ ಒಂದು ಮಾತು.

ಅದನ್ನು ಗೀಚಿ ತನ್ನ ಹೆಸರು ಬರೆದ. ಹೆಸರು ಕಾಗದದೊಳಗೆ ಇಂಗಿಹೋಯಿತು. ಕಾರ್ಡು ಹಿಡಿದು ಅಚ್ಚಿನ ಮನೆಗೆ ಧಾವಿಸಿದ.

"ಅದು ತನ್ನ ಸಾಲು ತುಂಬ್ಕೊಂಡಾಯ್ತು," ಎಂದ ಮುದುಕ, ಅವನ ಮುಖ ನೋಡದೆ. "ಸುಡು. ಒಂದೂ ಉಳೀಬಾರದು." ಕೈಲಿದ್ದ ಕಾರ್ಡನ್ನು ಅವನು ಅಲ್ಲೇ ಸುಟ್ಟ.

ಓಡಿದ. ಮನೆಮನೆಯಲ್ಲೂ ದಾಳ ಉರುಳುವ ಸದ್ದು.

"ಏನ್ ಬಳೆ ಸಾರ್ ಅದು! ಬೆಳಿಗ್ಗೆಯಿಂದ ಮೂವತ್ತು ಸಲ ಬಳಸಿದ್ವಿ," ಎಂದನೊಬ್ಬ.

"ಕೆಳಗೆ ಬರೆದಿರೋದು ಓದ್ಲಿಲ್ವಾ?"

"ಓದಿದ್ವಿ. ಯಾರದ್ದೋ ಮಾತು ಹೋದ್ರೆ ನಮ್ಮಪ್ಪನ ಗಂಟೇನು ಹೋಯ್ತು?"

ಅವನಿಗೆ ಆಗ ತನ್ನ ತಪ್ಪಿನ ಪೂರ್ತಿ ಆಳ ಕಂಡಿತು. ವರ ಒಬ್ಬರಿಗೆ, ಕೇಡು ಇನ್ನೊಬ್ಬರಿಗೆ. ಇಂಥ ವಸ್ತುವನ್ನು ಯಾರೂ ಕೆಳಗಿಡುವುದಿಲ್ಲ.

ಕಿತ್ತುಕೊಂಡ. ಸುಟ್ಟ. ಓಡಿದ. ಎಂಟು. ಒಂಬತ್ತು. ಹತ್ತು. ಕೊನೆಯದು ದರ್ಜಿಯ ಮನೆ.

"ಕಾರ್ಡಾ? ತಗೊಳ್ಳಿ," ಎಂದ ದರ್ಜಿ. "ಎಲ್ಲರೂ ಕೇಳಿದ್ರು ಅಂತ ಹಾವುಗಳ ಸಮೇತ ನಕಲು ತೆಗೆಸಿ ಹಂಚಿಬಿಟ್ಟೆ. ಅವರು ಇನ್ಯಾರಿಗೆ ಕೊಟ್ರೋ!"

ಸಂಜೆ ಮನೆಗೆ ಬಂದಾಗ ತಂಗಿ ಗೋಡೆಗೆ ಒರಗಿ ಕೂತಿದ್ದಳು. "ಅಣ್ಣ," ಎಂದಳು. ನೀರು ಬೇಕಾ ಎಂದು ಕೇಳಿದ. "ಅಣ್ಣ." ನೋವಾ? "ಅಣ್ಣ. ಅಣ್ಣ." ಅವಳಲ್ಲಿ ಉಳಿದದ್ದು ಅದೊಂದೇ. ಅವನು ಅವಳ ಎರಡೂ ಕೈ ಹಿಡಿದು ಬಿಕ್ಕಿದ.

ಪಕ್ಕದ ಮನೆಯಲ್ಲಿ ದಾಳ ಉರುಳಿತು. ಯಾರೋ ಬದುಕಿಕೊಂಡ ಖುಷಿಗೆ ಚಪ್ಪಾಳೆ ಬಿತ್ತು.

ತಂಗಿ ಬಾಯಿ ತೆರೆದಳು. ಮುಚ್ಚಿದಳು. ಮೆಲ್ಲಗೆ ಅವನ ಹಿಡಿತದಿಂದ ಕೈ ಬಿಡಿಸಿಕೊಂಡು, ಇವನು ಯಾರೋ ಎಂಬಂತೆ ನೋಡುತ್ತ ಕೂತಳು.