ಮೂರನೇ ತೂಬಿನ ಬಳಿ ಕರೆದವರು

"ಗುಡ್ ಮಾರ್ನಿಂಗ್! ಶ್ರಾವಣಿ ಅಂದರೆ ನೀವೇನಾ?"

ಮಂಜಿನೊಳಗಿಂದ ಇಂಗ್ಲಿಷಿನಲ್ಲಿ ಕೇಳಿಬಂದ ಆ ದನಿಗೆ ಸಿದ್ದೇಶ್ವರಿಯ ಎದೆ ಧಸಕ್ಕೆಂದಿತು.

ಈ ದನಿ... ಈ ದನಿ ಇಲ್ಲಿ ಹೇಗೆ?

ಮುಖ ಇನ್ನೂ ಕಾಣುತ್ತಿರಲಿಲ್ಲ. ಮಂಡಿಯವರೆಗಿನ ರಬ್ಬರ್ ಬೂಟು ಮೊದಲು ಕಂಡಿತು. ಆಮೇಲೆ ಕೈಯಲ್ಲಿದ್ದ ಉದ್ದನೆಯ ಬಿದಿರುಕೋಲು. ಕೊನೆಗೆ ಮುಖ.

ಅಭಿನವ!

ಎರಡು ವರ್ಷದ ಹಿಂದೆ ಅವಳು ಮದುವೆಯಾಗಬೇಕೆಂದಿದ್ದವನು. ಅವಳ ಅಣ್ಣ ಪ್ರತಾಪನ ಜೀವದ ಗೆಳೆಯ. ಅಣ್ಣನ ಜೊತೆ ಇದೇ ದ್ವೀಪಕ್ಕೆ ಬಂದು, ಅಣ್ಣನಿಲ್ಲದೆ ಮರಳಿದವನು. ಅಂತ್ಯಕ್ರಿಯೆಯ ಮರುದಿನ 'ನನ್ನನ್ನ ಮರೆತುಬಿಡು ಸಿದ್ದೂ' ಎಂದೊಂದು ಮೆಸೇಜ್ ಕಳಿಸಿ, ನಂಬರ್ ಬದಲಿಸಿ, ಕಾಣೆಯಾದವನು.

ಅವನ ಕೈಯಿಂದ ಕೋಲು ಜಾರಿ ಬಿತ್ತು.

"ಸಿದ್ದೂ... ಬುಕಿಂಗ್‌ನಲ್ಲಿ ಶ್ರಾವಣಿ ಅಂತ ಇತ್ತು..."

"ನನ್ನ ಜೊತಿಗೆ ಕೆಲಸ ಮಾಡಾಕಿ. ಆಕಿನ ಬುಕ್ ಮಾಡಿ ಕೊಟ್ಟಳು. ಫಾರ್ಮ್ ತುಂಬಾಕ ನನಗ ಕೈ ಬರಲಿಲ್ಲ," ಎಂದಳು ಸಿದ್ದೇಶ್ವರಿ. ಅಟ್ಲಾಂಟಾದ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿ ದಿನವಿಡೀ ಇಂಗ್ಲಿಷ್ ಆಡುವವಳು. ಆದರೆ ಕೋಪ ಬಂದರೆ ಅವಳ ಬಾಯಿಂದ ವಿಜಯಪುರವೇ ಹೊರಡುತ್ತಿತ್ತು. "ನೀ ಇಲ್ಲೇನ್ ಮಾಡಾಕತ್ತೀ?"

"ಈ ಕಾಲುವೆಗಳನ್ನ ನೋಡ್ಕೊಳ್ಳೋ ಕೆಲಸ. ವೀಕೆಂಡ್‌ನಲ್ಲಿ ಗೈಡ್." ಅವನು ತಲೆ ತಗ್ಗಿಸಿದ. "ಹೊಸ ಬ್ರಿಡ್ಜ್ ಡಿಸೈನ್ ಮಾಡೋ ಆ ಹಳೇ ಜಾಬ್ ಬಿಟ್ಟುಬಿಟ್ಟೆ."

ಅಣ್ಣ ಸತ್ತ ಜಾಗದಲ್ಲಿ ಕೆಲಸಕ್ಕೆ ಸೇರಿದ್ದಾನೆ! ಇವನಿಗೆ ಹೃದಯ ಅನ್ನುವುದು ಇದೆಯೇ?

ಅವಳು ಇಂದು ಬಂದಿದ್ದಕ್ಕೆ ಕಾರಣವಿತ್ತು. 2021ರ ನವೆಂಬರ್‌ನ ಇದೇ ವಾರ ಪ್ರತಾಪ ಇಲ್ಲಿ ಮುಳುಗಿದ್ದ. ಆ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ಮನೆಯಿಂದ ಐದು ಗಂಟೆ ಡ್ರೈವ್ ಮಾಡಿ, ರಾತ್ರಿ ಒಂದು ಮೋಟೆಲಿನಲ್ಲಿ ತಂಗಿ, ಬೆಳಿಗ್ಗೆ ಸೇತುವೆ ದಾಟಿ ಸೌತ್ ಕೆರೊಲಿನಾದ ಈ ಕೆಸ್ಟರ್ ದ್ವೀಪಕ್ಕೆ ಬಂದಿದ್ದಳು.

"ಬೇರೆ ಗೈಡ್ ಇದ್ರ ಕರಿ."

"ಇಲ್ಲ. ನಾನೊಬ್ಬನೇ."

"ಹಂಗಾರ ನಡಿ. ನನ್ನ ಅಣ್ಣ ಎಲ್ಲಿ ಬಿದ್ದ... ತೋರ್ಸು."

ಅಭಿನವ ಬಿದ್ದ ಕೋಲನ್ನು ಎತ್ತಿಕೊಂಡ. "ಎರಡನೇ ತೂಬಿನವರೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿಂದ ಮುಂದೆ ಏರಿ ಕುಸೀತಾ ಇದೆ, ಕ್ಲೋಸ್ ಮಾಡಿದೀವಿ. ನಾನು ಹೆಜ್ಜೆ ಇಟ್ಟ ಕಡೆ ಮಾತ್ರ ಹೆಜ್ಜೆ ಇಡು. ಪ್ಲೀಸ್."

ಅವಳು ಅವನ ಹಿಂದೆ ನಡೆದಳು.

ಕಾಲುವೆಗಳು ಬಾಣದಷ್ಟು ನೇರವಾಗಿದ್ದವು. ಒಂದರ ಪಕ್ಕ ಒಂದು, ನಡುವೆ ಎತ್ತರದ ಮಣ್ಣಿನ ಏರಿ. ನೀರು ಕಪ್ಪು, ಅಲುಗಾಟವೇ ಇಲ್ಲ. ಓಕ್ ಮರಗಳಿಂದ ಬೂದು ಬಣ್ಣದ ಪಾಚಿ ಉದ್ದುದ್ದ ಇಳಿಬಿದ್ದು ಅವಳ ಭುಜ ಸವರುತ್ತಿತ್ತು. ಪ್ರತಿ ಸಲವೂ ಯಾರೋ ಬೆರಳು ಆಡಿಸಿದಂತೆ ಅವಳು ಬೆಚ್ಚಿಬೀಳುತ್ತಿದ್ದಳು.

ಒಂದು ಹಕ್ಕಿಯ ಸದ್ದೂ ಇರಲಿಲ್ಲ.

"ಇಲ್ಲೆಲ್ಲ ಭತ್ತದ ಗದ್ದೆ ಇತ್ತು," ಎಂದ ಅಭಿನವ. "ಮುನ್ನೂರು ವರ್ಷದ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರು ಇದನ್ನ ಸಲಿಕೇಲಿ ತೋಡಿದ್ದು. ಸೊಂಟದವರೆಗೂ ಕೆಸರು, ಹಾವು, ಮಲೇರಿಯಾ. ಎಷ್ಟು ಜನ ಇಲ್ಲೇ ಸತ್ತರೋ... ಒಬ್ಬರ ಹೆಸರನ್ನೂ ಯಾರೂ ಬರೆದಿಡಲಿಲ್ಲ. ಉಬ್ಬರ ಬಂದಾಗ ನದೀ ನೀರು ಮೇಲೇಳುತ್ತೆ, ತೂಬು ತೆಗೆದು ಒಳಗೆ ಬಿಟ್ಕೊಳ್ಳೋದು. ಇಳಿತಕ್ಕೆ ಹೊರಗೆ ಬಿಡೋದು. ಇವತ್ತಿಗೂ ನೀರು ಹಾಗೇ ಓಡಾಡುತ್ತೆ."

ಸಿದ್ದೇಶ್ವರಿ ಕಪ್ಪು ನೀರನ್ನೇ ನೋಡಿದಳು. ಅದರೊಳಗಿಂದ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು!

"ಮೊಸಳೆ. ಚಳಿಗೆ ಮಂಕಾಗಿರುತ್ತೆ, ಏನೂ ಮಾಡಲ್ಲ. ನಡಿ."

ಅವಳು ನಡೆದಳು. ಹತ್ತು ಹೆಜ್ಜೆಯಾದ ಮೇಲೆ ಅವಳಿಗೊಂದು ಅನುಮಾನ ಬಂತು.

ಅಭಿನವನ ಬೂಟಿನ ಸದ್ದು... ಚಪ್, ಚಪ್. ಅವಳ ಶೂಗಳದ್ದು... ಸರ್, ಸರ್.

ಮತ್ತೆ ಅವಳ ಹಿಂದೆ ಇನ್ನೊಂದು!

ಅವಳು ನಿಂತಳು. ಅಭಿನವನೂ ನಿಂತ. ಹಿಂದಿನ ಸದ್ದು ಒಂದು ಹೆಜ್ಜೆ ತಡವಾಗಿ ನಿಂತಿತು.

ತಿರುಗಿ ನೋಡಿದರೆ ಮಂಜು. ಬರೀ ಮಂಜು.

"ಅಭಿ... ಯಾರೋ ಬರಾಕತ್ತಾರ."

ಎರಡು ವರ್ಷದ ಮೇಲೆ ಅವಳ ಬಾಯಿಂದ 'ಅಭಿ' ಬಂದಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವನಿಗಿತ್ತು.

"ನಂಗೂ ಕೇಳ್ಸುತ್ತೆ," ಎಂದ ಅವನು ಮೆಲ್ಲಗೆ. "ಈ ಏರಿ ಮೇಲೆ ನಡೆದಾಗೆಲ್ಲ ಕೇಳ್ಸುತ್ತೆ. ಮೊದಮೊದಲು ಓಡಿಬಿಡ್ತಿದ್ದೆ. ಈಗ ಅಭ್ಯಾಸ ಆಗಿದೆ."

ಅವಳಿಗೆ ಭಯಕ್ಕಿಂತ ಸಿಟ್ಟೇ ಮೇಲಾಯಿತು.

"ಕತಿ ಹೇಳಬ್ಯಾಡ! ನನ್ನ ಅಂಜಿಸಿ ವಾಪಸ್ ಕಳಸಬೇಕಂತ ಮಾಡೀಯೇನು?"

"ಇಲ್ಲ ಸಿದ್ದೂ..."

"ಹಂಗ ಕರೀಬ್ಯಾಡ ನನ್ನ!"

ಅಷ್ಟರಲ್ಲಿ ಎರಡನೇ ತೂಬು ಬಂತು. ಕಪ್ಪಿಟ್ಟ ಸೈಪ್ರಸ್ ಮರದ ದೊಡ್ಡ ಬಾಗಿಲು, ಅದರ ಆಚೆಗೆ ಕೆಂಪು ಹಗ್ಗ. ಹಗ್ಗದ ಮೇಲೆ 'ಪ್ರವೇಶವಿಲ್ಲ' ಎಂಬ ಫಲಕ.

"ಇಷ್ಟೇ," ಎಂದ ಅಭಿನವ. "ಅದು... ಅದಕ್ಕಿಂತ ಮುಂದೆ, ಮೂರನೇ ತೂಬಿನ ಹತ್ರ."

"ಎಷ್ಟು ದೂರ?"

"ಇನ್ನೂರು ಹೆಜ್ಜೆ."

"ಇನ್ನೂರು ಹೆಜ್ಜಿ ಸಲುವಾಗಿ ನಾ ಎರಡು ವರ್ಷ ಕಾದೀನಿ!"

ಅವನು ತಡೆಯುವ ಮೊದಲೇ ಅವಳು ಹಗ್ಗದ ಕೆಳಗೆ ನುಸುಳಿ ಆಚೆ ಹೋದಳು.

"ಸಿದ್ದೇಶ್ವರೀ! ನಿಲ್ಲು! ಅಲ್ಲಿ ಒಳಗೆಲ್ಲ ಟೊಳ್ಳಾಗಿದೆ!"

ಅವಳು ಓಡಿದಳು. ಕಣ್ಣೀರಿನಲ್ಲಿ ಮಂಜು ಇನ್ನೂ ಮಂಜಾಯಿತು. ಮುಂದೆ ನೀರಿನಲ್ಲಿ ಎರಡು ಕಂಬಗಳು ಕಂಡವು. ಅದೇ ಮೂರನೇ ತೂಬು. ಅಲ್ಲಿ ನೀರು ನಿಂತಿರಲಿಲ್ಲ. ಇಳಿತದ ಸೆಳೆತಕ್ಕೆ ಸುಳಿಸುಳಿಯಾಗಿ, ಸದ್ದಿಲ್ಲದೆ ಕೆಳಕ್ಕೆ ಇಳಿಯುತ್ತಿತ್ತು.

ಇಲ್ಲೇ... ಅಣ್ಣಾ, ಇಲ್ಲೇನಾ?

ಇನ್ನೊಂದೇ ಹೆಜ್ಜೆ.

"ಸಿದ್ದವ್ವಾ..."

ಅವಳ ಕಾಲು ಗಾಳಿಯಲ್ಲೇ ನಿಂತುಬಿಟ್ಟಿತು.

ದನಿ ಬಂದದ್ದು ಹಿಂದಿನಿಂದ. ತೀರಾ ಹತ್ತಿರದಿಂದ. ಅಡುಗೆಮನೆಯಿಂದ ಚಹಾಕ್ಕೆ ಕರೆದಷ್ಟು ಸಲೀಸಾಗಿ!

ಅವಳು ಗಿರಕ್ಕನೆ ತಿರುಗಿ ಎರಡು ಹೆಜ್ಜೆ ಹಿಂದಕ್ಕೆ ಬಂದಳು. ಅದೇ ಕ್ಷಣ ಅವಳ ಬೆನ್ನ ಹಿಂದೆ ಏರಿ ಉಸಿರು ಬಿಟ್ಟಂತೆ 'ಹುಸ್' ಎಂದು ಕುಸಿಯಿತು. ಅವಳು ಕಾಲಿಡಬೇಕಿದ್ದ ಹುಲ್ಲು, ಮಣ್ಣು, ಬೇರು ಎಲ್ಲ ಕಪ್ಪು ಸುಳಿಯೊಳಗೆ ಹೋಯಿತು.

ಓಡಿಬಂದ ಅಭಿನವ ಅವಳ ತೋಳು ಹಿಡಿದು ಎಳೆದ. ಇಬ್ಬರೂ ಗಟ್ಟಿ ನೆಲದ ಮೇಲೆ ಬಿದ್ದರು.

"ನೀ... ನೀ ಕರೆದಿ ಅಲ್ಲ? ಸಿದ್ದವ್ವಾ ಅಂತ?"

ಅಭಿನವ ಅವಳನ್ನೇ ನೋಡಿದ.

"ನಾನು ಯಾವತ್ತು ನಿನ್ನನ್ನ ಹಾಗೆ ಕರೆದಿದೀನಿ?"

ನಿಜ. ಆ ಹೆಸರು ಹಿಡಿದು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ.

"ತೂಬಿನ ಬಾಗಿಲು ಕಿರುಗುಟ್ಟಿರಬೇಕು... ಮರದ ಸಪ್ಪಳ..." ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ತೊದಲಿದಳು.

"ಆ ತೂಬಿಗೆ ಬಾಗಿಲೇ ಇಲ್ಲ ಸಿದ್ದೂ. ಆವತ್ತೇ ಕೊಚ್ಚಿಹೋಯ್ತು. ಎರಡು ಕಂಬ ಮಾತ್ರ ಉಳಿದಿರೋದು." ಅವನು ಆ ಕಂಬಗಳ ಕಡೆ ನೋಡಿದ. "ಆದ್ರೆ... ನಾನೂ ಕೇಳಿಸ್ಕೊಂಡೆ."

ಸಿದ್ದೇಶ್ವರಿಯ ಒಳಗೆ ಎರಡು ವರ್ಷ ಕಟ್ಟಿಕೊಂಡಿದ್ದುದು ಆಗ ಒಡೆಯಿತು. ಮಂಡಿಗೆ ಮುಖವಿಟ್ಟು ಅವಳು ಬಿಕ್ಕಿದಳು.

"ಅಣ್ಣನ ಕೊಂದಾಕಿ ನಾನು ಅಭಿ..."

"ಏನು ಮಾತಾಡ್ತಿದೀಯ?"

"ಅವತ್ತು ಅವ ನನಗ ಫೋನ್ ಮಾಡಿದ್ದ. ಮೂರೂ ನಲವತ್ತಕ್ಕ. ನಾ ಡ್ಯೂಟಿ ಮ್ಯಾಲಿದ್ದೆ, ಕಟ್ ಮಾಡಿದೆ. ನೀರಾಗ ಮುಳಗಾಕತ್ತಿದ್ದ, ನನ್ನ ಕರದ... ನಾ ಕಟ್ ಮಾಡಿದೆ! ಯಾರ ಮುಂದೂ ಹೇಳಿಲ್ಲ. ಅವ್ವನ ಮುಂದೂ."

ಅಂತ್ಯಕ್ರಿಯೆಯ ದಿನ ಅಭಿನವನ ಕಣ್ಣ ಮುಂದೆ ಬಂತು. ಅವಳ ತಾಯಿ ಶಿವಕ್ಕ ಅವನ ಅಂಗಿಯ ಕಾಲರ್ ಹಿಡಿದು, "ನನ್ನ ಮಗ ಹೋದ, ನೀ ಹ್ಯಾಂಗ ಬದುಕಿ ಬಂದಿ?" ಎಂದು ಕೇಳಿದ್ದಳು. ಪಕ್ಕದಲ್ಲಿದ್ದ ಸಿದ್ದೇಶ್ವರಿ ಒಂದು ಮಾತೂ ಆಡದೆ ನೆಲ ನೋಡುತ್ತ ನಿಂತಿದ್ದಳು.

"ಆವತ್ತು ನೀನು ಸುಮ್ಮನೆ ನಿಂತಿದ್ದು... ಅದಕ್ಕಾ?"

"ಮತ್ತೇನು ಮಾಡ್ಲಿ? ಅವ್ವ ನಿನಗ ಕೇಳಿದ್ದು ನನಗ ಕೇಳಬೇಕಾಗಿತ್ತು. ಬಾಯಿ ಬಿಟ್ರ ಸತ್ಯ ಹೊರಗ ಬರ್ತಿತ್ತು. ಅಂಜಿದೆ."

"ನಾನು... ನೀನೂ ನನ್ನೇ ದೂಷಿಸ್ತಿದೀಯ ಅಂದ್ಕೊಂಡೆ. ಅದಕ್ಕೇ ಹೋಗ್ಬಿಟ್ಟೆ." ಅವನು ಅವಳತ್ತ ತಿರುಗಿದ. "ದೇವರೇ... ಸಿದ್ದೂ, ಈ ಕಡೆ ನೋಡು. ಪೊಲೀಸ್ ರಿಪೋರ್ಟ್ ಓದಿದ್ಯಾ?"

"ಧೈರ್ಯ ಬರಲಿಲ್ಲ."

"ಏರಿ ಕುಸಿದಿದ್ದು ಐದು ಗಂಟೆ ಹತ್ರ. ನಿಂಗೆ ಫೋನ್ ಮಾಡಿದಾಗ ನಾವಿನ್ನೂ ಸೇತುವೆ ಹತ್ರದ ಬೆಂಚ್ ಮೇಲೆ ಕೂತ್ಕೊಂಡು ಚಪಾತಿ ತಿಂತಿದ್ವಿ! ಪ್ರತಾಪ ನಗ್ತಾ ಇದ್ದ. ನೀನು ಕಟ್ ಮಾಡಿದ ತಕ್ಷಣ 'ಡ್ಯೂಟಿ ಮ್ಯಾಲಿರಬೇಕು ಬಿಡು, ನಾಳೆ ಮುಖ ನೋಡಿನ ಹೇಳ್ತೀನಿ' ಅಂದ."

ಅವಳು ತಲೆ ಎತ್ತಿದಳು.

"ಏನ್ ಹೇಳಾವಿದ್ದ?"

ಅಭಿನವ ಕಣ್ಣು ಮುಚ್ಚಿದ. "ನಿಮ್ಮ ಅಮ್ಮ ನಮ್ಮ ಮದುವೆಗೆ ಒಪ್ಪಿದ್ರು. ಮೈಸೂರಿನ ಹುಡುಗ, ನಮ್ಮವರಲ್ಲ ಅಂತ ಒಂದು ವರ್ಷ ಹಟ ಹಿಡಿದಿದ್ರಲ್ಲ. ಆವತ್ತು ಬೆಳಿಗ್ಗೆ ಅವನು ಒಪ್ಪಿಸಿದ್ದ. ಅದನ್ನ ಹೇಳೋಕೆ ಫೋನ್ ಮಾಡಿದ್ದು."

ಸಿದ್ದೇಶ್ವರಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಆಮೇಲೆ ಇಲ್ಲಿಗೆ ಬಂದ್ವಿ. ತೂಬು ನೋಡೋಣ ಅಂತ ಕರ್ಕೊಂಡು ಬಂದವನು ನಾನು. ಅವನ ಕಾಲ ಕೆಳಗೆ ನೆಲ ಹೋಯ್ತು. ಹಾರಿದೆ, ಕೈ ಹಿಡ್ಕೊಂಡೆ. ಅವನ ಕೈ ನನ್ನ ಕೈಯಲ್ಲೇ ಇತ್ತು ಸಿದ್ದೂ... ಆಮೇಲೆ ಇರಲಿಲ್ಲ." ಅವನು ತನ್ನ ಬಲಗೈಯನ್ನು ಪರಕೀಯ ವಸ್ತುವಿನಂತೆ ನೋಡಿಕೊಂಡ. "ಇನ್ನೊಬ್ಬರು ಇಲ್ಲಿ ಬೀಳಬಾರದು ಅಂತ ಇಲ್ಲೇ ಉಳಿದೆ. ದಿನಾ ಏರಿ ನೋಡ್ಕೋತೀನಿ, ಹಗ್ಗ ಕಟ್ತೀನಿ. ಬೇರೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಹೃದಯವಿಲ್ಲದವನು ಅಂದುಕೊಂಡಿದ್ದೆನಲ್ಲ... ಇವನನ್ನ!

ಅವಳು ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಪ್ರತಾಪನಿಗಾಗಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಅವರು ಸೇತುವೆಯ ಬಳಿ ಮರಳಿದರು. ಅಲ್ಲಿ ಸಿಗ್ನಲ್ ಸಿಕ್ಕಿತು. ನಾರ್‌ಕ್ರಾಸ್‌ನಲ್ಲಿ ತನ್ನೊಂದಿಗೇ ಇರುವ ತಾಯಿಗೆ ಸಿದ್ದೇಶ್ವರಿ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ಮೂರೂ ನಲವತ್ತರ ಕರೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕೊನೆಗೆ, "ಅವ್ವಾ, ಅಭಿ ಇಲ್ಲೇ ನನ್ನ ಪಕ್ಕಕ್ಕ ನಿಂತಾನ," ಎಂದಳು.

ಅಭಿನವ ಹಿಂದಕ್ಕೆ ಸರಿಯಲು ನೋಡಿದ. ಅವಳು ಅವನ ತೋಳು ಬಿಡಲಿಲ್ಲ.

"ಆ ಮಾತು ಎರಡು ವರ್ಷದಿಂದ ನನ್ನ ಗಂಟಲಾಗ ಕುಂತೈತಿ," ಎಂದಿತು ಶಿವಕ್ಕನ ದನಿ. "ಹೊಟ್ಟ್ಯಾಗಿನ ಸಂಕಟಕ್ಕ ಆಡಿದೆ. ಯಾವ ಮುಖ ಇಟ್ಕೊಂಡು ಆ ಹುಡುಗಗ ಫೋನ್ ಮಾಡ್ಲಿ ಅಂತ ಸುಮ್ಮನಾದೆ." ಆಮೇಲೆ, "ಅವ ಏನರೆ ಉಂಡಾನೇನು?"

ಅಭಿನವನಿಗೆ ತಡೆಯಲಾಗಲಿಲ್ಲ. "ಇಲ್ಲ ಅಮ್ಮ," ಎಂದ, ಕಣ್ಣೊರೆಸಿಕೊಳ್ಳುತ್ತ.

"ಹಂಗಾರ ಇಲ್ಲಿಗೇ ಬರ್ರಿ. ರೊಟ್ಟಿ ಮಾಡಿ ಇಡ್ತೀನಿ."

ಫೋನ್ ಕಟ್ಟಾಯಿತು. ಮಂಜು ಪೂರ್ತಿ ಕರಗಿರಲಿಲ್ಲ, ಆದರೆ ರಸ್ತೆ ಕಾಣುತ್ತಿತ್ತು.

ಸಿದ್ದೇಶ್ವರಿ ಕಾರಿನ ಕೀಯನ್ನು ಅವನ ಕೈಗಿತ್ತಳು.

"ನಾನು ಡ್ರೈವ್ ಮಾಡ್ಲಾ?"

"ಹೂಂ. ನಾ ನಿನ್ನ ಮುಖ ನೋಡಕೋತ ಕೂಡ್ತೀನಿ."

ಅವನ ತುಟಿಯಲ್ಲಿ ನಗು ಮೂಡಿತು. "ಐದು ಗಂಟೆ ಪೂರ್ತೀನಾ?"

"ಎರಡು ವರ್ಷ ನೋಡಿಲ್ಲ ಅಭಿ... ಐದು ತಾಸು ಎಲ್ಲಿ ಸಾಕಾಗ್ತೈತಿ?"