ಮೂರು ತಟ್ಟೆ, ಒಂದು ಗೂಡೆ

"ನಿನ್ನ ರೈಲಿಗೆ ಪೇಪರ್ ಸಾಲಾಕಿಲ್ಲ ಕಣಮ್ಮಿ," ಎಂದಳು ಶಿವಮ್ಮ.

ಮಲ್ಲಾಜಿ ತಲೆ ಎತ್ತಲಿಲ್ಲ. ಅವಳ ಮುಂದೆ ಜೇಡಿಮಣ್ಣಿನ ಇಪ್ಪತ್ತನಾಲ್ಕು ದಾಳಗಳು ಒಂದರ ಹಿಂದೆ ಒಂದು ನಿಂತಿದ್ದವು. ಒಂದೊಂದೂ ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲ, ಒಂದು ಅಂಗುಲ ಎತ್ತರ. ದಾಳಗಳನ್ನು ಹೇಗೆ ಬೇಕಾದರೂ ಜೋಡಿಸಿ, ಎಲ್ಲೂ ಮಣ್ಣು ಕಾಣದ ಹಾಗೆ ಪೇಪರ್ ಸುತ್ತಬೇಕು. ಗಂಗಾಧರಸ್ವಾಮಿ ಮೇಷ್ಟ್ರು ಎಲ್ಲರಿಗೂ ಒಂದೇ ಅಳತೆಯ ಪೇಪರ್ ಕತ್ತರಿಸಿ ಕೊಟ್ಟಿದ್ದರು.

ರೈಲಿನ ಕೊನೆಯ ಡಬ್ಬಿಗಳು ಬೆತ್ತಲೆಯಾಗಿಯೇ ಉಳಿದವು. ಶಿವಮ್ಮ ಇಟ್ಟಿಗೆ ಅಡುಕಿದ ಹಾಗೆ ದಾಳಗಳನ್ನು ಒತ್ತಾಗಿ ಪೇರಿಸಿದ್ದಳು. ಸುತ್ತಿದ ಮೇಲೆ ಮಿಕ್ಕ ಪೇಪರಿನಲ್ಲಿ ಒಂದು ದೋಣಿಯನ್ನೂ ಮಾಡಿ ಮಲ್ಲಾಜಿಯ ಮೂಗಿನ ಮುಂದೆ ಆಡಿಸಿದಳು.

"ಸಾ, ನಂದೂ ಅಷ್ಟೇ ದಾಳ, ಅವಳದೂ ಅಷ್ಟೇ ದಾಳ. ಅವಳಿಗೆ ಮಿಕ್ತು, ನಂಗ್ಯಾಕೆ ಸಾಲ್ದು?"

"ಹೊರಗೆ ಕಾಣೋ ಮುಖಗಳನ್ನ ಎಣಿಸಿ ನೋಡು," ಎಂದರು ಮೇಷ್ಟ್ರು.

ಮಲ್ಲಾಜಿ ಬೆರಳಿಟ್ಟು ಎಣಿಸಿದಳು. ಅವಳ ರೈಲಿಗೆ ತೊಂಬತ್ತೆಂಟು ಮುಖ. ಶಿವಮ್ಮನ ಪೆಟ್ಟಿಗೆಗೆ ಬರೀ ಐವತ್ತೆರಡು.

"ಮಿಕ್ಕ ಮುಖ ಎಲ್ಲಿ ಹೋದವು?"

"ಒಳಗೆ ಅವಿತ್ಕೊಂಡವೆ ಸಾ," ಎಂದಳು ಶಿವಮ್ಮ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಸರಿಯಾಗೇ ಹೇಳಿದಳು," ಎಂದು ಬೋರ್ಡಿನ ಕಡೆ ತಿರುಗಿದರು. ಒಳಗೆ ಎಷ್ಟು ಹಿಡಿಸುತ್ತದೋ ಅದು ಘನಫಲ. ಹೊರಗೆ ಎಷ್ಟು ಬಯಲಾಗಿದೆಯೋ ಅದು ಮೇಲ್ಮೈ. "ಯಾವ ಕೆಲಸಕ್ಕೆ ಯಾವುದನ್ನ ಲೆಕ್ಕ ಹಾಕಬೇಕು ಅನ್ನೋದು..."

ಅಷ್ಟರಲ್ಲಿ ಗಂಟೆ ಹೊಡೆಯಿತು. ಶನಿವಾರ, ಅರ್ಧ ದಿನದ ಸ್ಕೂಲು. "ಅದನ್ನ ಸೋಮವಾರ ನೋಡೋಣ," ಎಂದು ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

ದಾರಿಯುದ್ದಕ್ಕೂ ಮಲ್ಲಾಜಿ ಕಂಡದ್ದನ್ನೆಲ್ಲ ತುಂಬುತ್ತಾ ಬಂದಳು. ಹರದನಹಳ್ಳಿಯ ಬೀದಿಯಲ್ಲಿ ನಿಂತಿದ್ದ ಗಾಡಿಯಲ್ಲಿ ಎಷ್ಟು ದಾಳ ಹಿಡಿಸಬಹುದು? ಬಾವಿಕಟ್ಟೆಯ ಮೇಲಿನ ಕೊಡದಲ್ಲಿ? ಕೊಡ ದುಂಡಗಿದೆಯಲ್ಲ, ಅಂಚಿನಲ್ಲಿ ದಾಳ ಕೂರುವುದಿಲ್ಲ, ಆಗೇನು ಮಾಡುವುದು?

ಮನೆಗೆ ಬಂದಾಗ ತಾತ ದೊಡ್ಡಮಲ್ಲಪ್ಪ ಪಡಸಾಲೆಯ ಹಲಗೆ ಮಂಚದ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವ್ವ ಪುಟ್ಟಬಸಮ್ಮ ಅಪ್ಪನ ಜೊತೆ ಗಾಡಿ ಕಟ್ಟಿಸಿಕೊಂಡು ಚಾಮರಾಜನಗರಕ್ಕೆ ಹೋಗಿದ್ದಳು. ರೇಷ್ಮೆ ಹುಳುಗಳಿಗೆ ಹೊಸ ಬಿದಿರು ತಟ್ಟೆ ಬೇಕಿತ್ತು. ಹುಳು ಸಾಕಣೆ ಈ ಮನೆಗೆ ಹೊಸದು. ಪಡಸಾಲೆ ಪಕ್ಕದ ಕೋಣೆ ಯಾವಾಗಲೂ ತಾತನ ಅರಿಸಿನಕ್ಕೇ ಮೀಸಲು. ಅವ್ವ ಕೇಳಿ ಕೇಳಿ, ಒಂದು ವರ್ಷ ಕೇಳಿದ ಮೇಲೆ ತಾತ ಒಪ್ಪಿದ್ದರು.

"ಒಂದು ಬೆಳೆ ನೋಡ್ಬುಡು. ಕೆಟ್ರೆ ನನ್ನ ಕೋಣೆ ನಂಗೆ," ಎಂದಿದ್ದರು. ಅವ್ವ ತಲೆಯಾಡಿಸಿ, ಅವತ್ತೇ ಕೋಣೆ ತೊಳೆದು ಸುಣ್ಣ ಬಳಿದಿದ್ದಳು.

ಕರಿ ಎಳ್ಳಿನ ಹಾಗೆ ಬಂದ ಹುಳುಗಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಮಲಗಿ, ಪೊರೆ ಕಳಚಿ ಎದ್ದಿದ್ದವು. ಈಗ ಮಲ್ಲಾಜಿಯ ಕಿರುಬೆರಳಿನಷ್ಟು ದಪ್ಪ. ಬೆಳಿಗ್ಗೆ ಹೊರಡುವ ಮುಂಚೆ ಅವ್ವ ಹೇಳಿದ್ದಳು: "ಮಧ್ಯಾಹ್ನ ಸೊಪ್ಪು ಆಕು. ಕೆಳಕ್ಕೆ ಬಿದ್ದೋವ ಎತ್ತಿ ಬುಡು. ಬ್ಯಾರೆ ಏನೂ ಮಾಡಬ್ಯಾಡ."

ಕೋಣೆಯ ಬಾಗಿಲು ತೆರೆದರೆ ಮಳೆ ಬಂದಂಥ ಸದ್ದು. ತಟ್ಟೆ ತಟ್ಟೆಗಳಲ್ಲೂ ಹುಳುಗಳು ಸೊಪ್ಪು ಮೇಯುತ್ತಿದ್ದವು. ಆದರೆ ಜಾಗ ಸಾಲದೆ ಒಂದರ ಮೇಲೊಂದು ಹತ್ತಿ, ಅಂಚು ದಾಟಿ ನೆಲಕ್ಕೆ ಉದುರುತ್ತಿದ್ದವು. ಮಲ್ಲಾಜಿ ಎತ್ತಿ ಹಾಕಿದಳು. ಮತ್ತೆ ಉದುರಿದವು.

ಮೂಲೆಯಲ್ಲಿ ಸೊಪ್ಪು ತರುವ ಗೂಡೆ ಖಾಲಿ ನಿಂತಿತ್ತು. ಅವಳ ಸೊಂಟದ ತನಕ ಬರುವ ಬುಟ್ಟಿ ಅದು. ಮಲ್ಲಾಜಿ ಅದನ್ನೂ ನೋಡಿದಳು, ತಟ್ಟೆಯನ್ನೂ ನೋಡಿದಳು. ತಟ್ಟೆ ಅಗಲ, ಆದರೆ ಅದರಲ್ಲಿ ಹುಳು, ಸೊಪ್ಪು ಎಲ್ಲ ಸೇರಿ ಎರಡೇ ಅಂಗುಲ ಎತ್ತರ. ಗೂಡೆ ಕಿರಿದು, ಆದರೆ ಎಷ್ಟು ಆಳ!

ಅವಳಿಗೆ ಪರೀಕ್ಷೆ ಮಾಡದೆ ಇರಲಾಗಲಿಲ್ಲ. ಬೇರೆ ಬುಟ್ಟಿಯಲ್ಲಿದ್ದ ಹೊಸ ಸೊಪ್ಪನ್ನು ನೆಲದ ಮೇಲೆ ತಟ್ಟೆಯಷ್ಟೇ ಅಗಲಕ್ಕೆ, ಎರಡಂಗುಲ ಎತ್ತರಕ್ಕೆ ಹರವಿದಳು. ಅದಷ್ಟನ್ನೂ ಬಾಚಿ ಗೂಡೆಗೆ ಹಾಕಿದಳು. ಗೂಡೆಯ ಮೂರರಲ್ಲಿ ಒಂದು ಭಾಗಕ್ಕೆ ಬಂತು. ಅಂದರೆ ಗೂಡೆಗೆ ಮೂರು ತಟ್ಟೆ ಹಿಡಿಸುತ್ತದೆ. ಮೂರು ತಟ್ಟೆ ಅಂದರೆ ಒಂದು ಗೂಡೆ. ದಾಳ ಅಷ್ಟೇ, ಜೋಡಿಸುವ ರೀತಿ ಬೇರೆ.

ಮೂರು ತಟ್ಟೆಯ ಹುಳುಗಳನ್ನು ಅವಳು ನಾಜೂಕಾಗಿ ಗೂಡೆಗಿಳಿಸಿದಳು. ಒಂದು ಪದರ ಸೊಪ್ಪು, ಒಂದು ಪದರ ಹುಳು. ಖಾಲಿಯಾದ ತಟ್ಟೆಗಳಿಗೆ ಉಳಿದ ತಟ್ಟೆಗಳ ಹುಳುಗಳನ್ನು ಬಿಡಿಬಿಡಿಯಾಗಿ ಹರವಿದಳು. ಈಗ ಒಂದೂ ನೆಲಕ್ಕೆ ಬೀಳಲಿಲ್ಲ. ಅವ್ವ ಬಂದು ನೋಡಿ ಏನನ್ನಬಹುದು ಎಂದು ಯೋಚಿಸುತ್ತಾ, ಕೊಡ ಎತ್ತಿಕೊಂಡು ನೀರಿಗೆ ಹೋದಳು. ಬಾವಿಯ ಹತ್ತಿರ ಶಿವಮ್ಮ ಸಿಕ್ಕಳು. ಮಾತಿಗೆ ಮಾತು ಸೇರಿ ಹೊತ್ತು ಇಳಿಯಿತು.

ವಾಪಸು ಬಂದು ಕೋಣೆಯಲ್ಲಿ ನಿಂತಾಗ ತಟ್ಟೆಗಳ ಕಡೆಯಿಂದ ಮಳೆಯ ಸದ್ದು ಹಾಗೇ ಇತ್ತು. ಮೂಲೆಯಿಂದ ಮಾತ್ರ ಏನೂ ಕೇಳಲಿಲ್ಲ.

ಗೂಡೆಯ ಬಾಯಿಯ ತುಂಬ ಹುಳುಗಳು ಮುದ್ದೆಗಟ್ಟಿಕೊಂಡಿದ್ದವು. ಮೇಲಕ್ಕೆ ಬರಲು ಎಲ್ಲವೂ ಎಲ್ಲವನ್ನೂ ತುಳಿಯುತ್ತಿದ್ದವು. ಮಲ್ಲಾಜಿ ಮೆಲ್ಲಗೆ ಕೈ ಒಳಗಿಟ್ಟಳು. ಅನ್ನದ ತಪ್ಪಲೆಯ ಮುಚ್ಚಳ ತೆಗೆದಾಗ ಹೊಡೆಯುವಂಥ ಬಿಸಿ. ಒದ್ದೆ. ಕೈಯನ್ನು ಇನ್ನೂ ಕೆಳಗಿಳಿಸಿದಳು. ಬೆರಳಿಗೆ ಸಿಕ್ಕ ಹುಳು ಹೊರಳಲಿಲ್ಲ.

ಒಳಗೆ ಅವಿತ್ಕೊಂಡವೆ ಸಾ.

ಗೂಡೆಗೆ ಮೂರು ತಟ್ಟೆ ಹಿಡಿಸಿದ್ದು ನಿಜ. ಆದರೆ ಇವು ದಾಳಗಳಲ್ಲ. ಗಾಳಿ ಇರುವುದು ಮೇಲೆ, ಬಯಲಾಗಿರುವ ಕಡೆ. ಗೂಡೆಗೆ ಇರುವ ಬಯಲು ಅದರ ಬಾಯಿ, ಅಷ್ಟೇ.

ತಾತನಿಗೆ ಗೊತ್ತಾದರೆ ಕೋಣೆಗೆ ಇವತ್ತೇ ಅರಿಸಿನದ ಚೀಲ ಬರುತ್ತದೆ. ಮಲ್ಲಾಜಿ ಹಿತ್ತಿಲ ಬಾಗಿಲಿಂದ ಹಾರಿ ಪಕ್ಕದ ಮನೆಗೆ ಓಡಿದಳು.

"ಬಸಮ್ಮತ್ತೆ, ಮೊರ ಕೊಡಿ."

ಬಸವಮ್ಮ ಒಲೆ ಊದುತ್ತಿದ್ದವಳು ತಿರುಗಿದಳು. "ಇಷ್ಟೊತ್ನಲ್ಲಿ ಯಾರಮ್ಮಿ ಕೇರದು? ದೀಪ ಹಚ್ಚೋ ಹೊತ್ತಲ್ಲಿ ಮೊರ ಈಚ್ಗೆ ಕೊಟ್ರೆ ನಮ್ಮನೆ ಲಕ್ಷ್ಮಿನೂ ನಿನ್ನ ಹಿಂದೆ ಬಂದ್ಬುಟ್ಟಾಳು."

"ಇನ್ನೂ ಹಚ್ಚಿಲ್ವಲ್ಲ ಅತ್ತೆ."

ಬಸವಮ್ಮ ಬಗ್ಗಿ ಹೊರಗೆ ನೋಡಿದಳು. ಹಿತ್ತಿಲ ಗೋಡೆಯ ತಲೆಯ ಮೇಲೆ ಒಂದು ಗೇಣು ಬಿಸಿಲಿತ್ತು. ಆಮೇಲೆ ಹುಡುಗಿಯ ಮುಖ ನೋಡಿದಳು. "ನಿಮ್ಮವ್ವನ ಹುಳಕ್ಕಾ?"

ಮಲ್ಲಾಜಿ ತಲೆಯಾಡಿಸಿದಳು.

"ಬಿಸ್ಲು ಇಳಿಯೋದ್ರೊಳ್ಗೆ ತಗಂಡ್ ಓಗು. ನಿಲ್ಲು, ಎರಡೂ ತಗೋ." ಬಸವಮ್ಮ ಗೋಡೆಯ ಮೇಲಿಂದ ಆಚೆ ಮನೆಗೂ ಕೂಗು ಹಾಕಿದಳು. ಅಲ್ಲಿಂದ ಎರಡು ಬಂದವು. ಅದರಾಚೆಯಿಂದ ಅಂಚು ಹರಿದದ್ದೊಂದು, ಒಳ್ಳೆಯದೊಂದು.

ಮೊರದ ಮುಂಭಾಗಕ್ಕೆ ಅಂಚಿಲ್ಲ. ಹುಳು ಬಿಟ್ಟರೆ ಅಲ್ಲಿಂದ ಜಾರಿ ಹೋಗುತ್ತವೆ. ಮಲ್ಲಾಜಿ ಒಂದು ಗಳಿಗೆ ಯೋಚಿಸಿ, ಎರಡೆರಡು ಮೊರಗಳನ್ನು ಬಾಯಿಗೆ ಬಾಯಿ ಕೊಟ್ಟು ಇಟ್ಟಳು. ಸುತ್ತಲೂ ಅಂಚು ಬಂತು. ಹಿಡಿಹಿಡಿಯಾಗಿ ಹುಳುಗಳನ್ನೆತ್ತಿ ಹರವಿದಳು. ಮೇಲಿದ್ದವು ತಲೆ ಎತ್ತಿ ಅತ್ತಿತ್ತ ಆಡಿಸಿದವು. ಆದರೆ ಮೊರಗಳೆಲ್ಲ ತುಂಬಿದರೂ ಗೂಡೆ ಖಾಲಿಯಾಗಲಿಲ್ಲ. ಇನ್ನೂ ಒಂದು ತಟ್ಟೆಯಷ್ಟು ಹುಳುಗಳು ಅದರೊಳಗಿದ್ದವು. ನೆಲಕ್ಕೆ ಸುರಿದರೆ ಇರುವೆ.

"ಏನಮ್ಮಿ ಅದು, ಊರಿನ ಮೊರ ಎಲ್ಲ ಇಲ್ಲೇ ಅವೆ?"

ತಾತ ಬಾಗಿಲಲ್ಲಿ ನಿಂತಿದ್ದರು.

ಸುಳ್ಳು ಹೇಳಲು ಮಲ್ಲಾಜಿಗೆ ಹೊತ್ತಿರಲಿಲ್ಲ. "ಗೂಡೆಗೆ ತುಂಬ್ಬುಟ್ಟೆ ತಾತ. ಹಿಡಿಸ್ತದೆ ಅಂತ ಲೆಕ್ಕ ಹಾಕ್ದೆ. ಹಿಡಿಸ್ತು. ಆದ್ರೆ ಬೆಂದೋಯ್ತಾವೆ. ಅವ್ವ ಮುಟ್ಟಬ್ಯಾಡ ಅಂದಿದ್ಲು. ಅವ್ವಂದೇನೂ ತಪ್ಪಿಲ್ಲ."

ತಾತ ಒಳಗೆ ಬರಲಿಲ್ಲ. ಗೂಡೆಯನ್ನು ನೋಡಿದರು. ತಿರುಗಿ ಹೋದರು. ಮುಗಿಯಿತು ಎಂದುಕೊಂಡಳು ಮಲ್ಲಾಜಿ. ಅರಿಸಿನದ ಚೀಲ ತರಲು ಹೋದರು.

ಪಡಸಾಲೆಯಲ್ಲಿ ಏನೋ ಎಳೆದ ಸದ್ದಾಯಿತು. ಹಾಸಿಗೆ ಕೆಳಗೆ ಬಿದ್ದ ಸದ್ದಾಯಿತು.

"ಬಾ ಇತ್ಲಾಗೆ. ಆ ಕಡೆ ಕಾಲು ಹಿಡ್ಕೊ. ನಾನೊಬ್ನೇ ಹೊರಾಕೆ ಏನು ಗೂಳಿನಾ?"

ಇಬ್ಬರೂ ಸೇರಿ ಹಲಗೆ ಮಂಚವನ್ನು ಕೋಣೆಗೆ ತಂದರು. ಮಲ್ಲಾಜಿ ಅದರ ಮೇಲೆ ಪೇಪರ್ ಹಾಸಲು ಹೋದಾಗ ತಾತ ತಡೆದರು.

"ಮೊದ್ಲು ಕಾಲ್ ಕೆಳಗೆ ನೀರಿನ ಬಟ್ಲು ಇಕ್ಕು. ಇರುವೆ ಹತ್ತವೆ. ನಿಮ್ಮವ್ವ ದಿನಾ ನೀರು ಬದಲಾಯಿಸದು ನೋಡಿಲ್ವಾ ನೀನು?"

ಮಲ್ಲಾಜಿ ಬಟ್ಟಲು ಇಡುತ್ತಾ ತಾತನನ್ನು ಓರೆಗಣ್ಣಿಂದ ನೋಡಿದಳು. ಹುಳು ಬಂದಾಗಿನಿಂದ ತಾತ ಒಂದು ದಿನವೂ ಈ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಮತ್ತೆ ಹೇಗೆ ಗೊತ್ತು?

ಮಂಚದ ಮೇಲೆ ಕೊನೆಯ ಹುಳುಗಳನ್ನು ಹರವುವಾಗ ಹೊರಗೆ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು.

ಅಪ್ಪ ಎತ್ತು ಬಿಚ್ಚಲು ನಿಂತ. ಅವ್ವ ತಲೆಯ ಮೇಲೆ ಹೊಸ ತಟ್ಟೆಗಳನ್ನು ಹೊತ್ತುಕೊಂಡೇ ಬಾಗಿಲಿಗೆ ಬಂದಳು. ಮೊರಗಳನ್ನು ನೋಡಿದಳು. ಮಾವನ ಮಂಚವನ್ನು ನೋಡಿದಳು. ತಟ್ಟೆ ಇಳಿಸಿ ನೇರವಾಗಿ ಗೂಡೆಯ ಹತ್ತಿರ ಹೋಗಿ, ತಳದ ತನಕ ಕೈ ಇಳಿಸಿದಳು. ತಳದಲ್ಲಿ ಉಳಿದಿದ್ದ ಹುಳುಗಳು ಅವಳ ಬೊಗಸೆಯಲ್ಲಿ ನೂಲಿನ ತುಂಡುಗಳಂತೆ ಜೋತುಬಿದ್ದವು. ಅವ್ವ ಒಂದೊಂದನ್ನೇ ಬೆರಳಲ್ಲಿ ತಟ್ಟಿ ನೋಡಿದಳು. ಎರಡು ಮೂರು ಅಲುಗಿದವು. ಅವನ್ನು ಬೇರೆ ಎಲೆಯ ಮೇಲಿಟ್ಟಳು.

"ಸದ್ದೇ ಮಾಡ್ಲಿಲ್ಲ ಅವ್ವ," ಎಂದಳು ಮಲ್ಲಾಜಿ. "ಸದ್ದು ಮಾಡಿದ್ರೆ ಬೇಗ ಗೊತ್ತಾಯ್ತಿತ್ತು."

"ಅಡೀಲಿರೋವು ಎಲ್ಲಿ ಸದ್ದು ಮಾಡವು," ಎಂದಳು ಅವ್ವ. ಬೈದ ದನಿಯಲ್ಲ. ತನಗೇ ಹೇಳಿಕೊಂಡ ಹಾಗಿತ್ತು. ಆಮೇಲೆ ಸೆರಗು ಬಿಗಿದುಕೊಂಡು, "ಆ ತಟ್ಟೆ ಎತ್ಕೊಡು. ಸೊಪ್ಪು ಕಿರಿದಾಗಿ ಹರಿ," ಎಂದಳು.

ಮಂಚ ಖಾಲಿ ಮಾಡಲು ತಟ್ಟೆ ಸಾಲಲಿಲ್ಲ. ಮೊರಗಳು ನಾಳೆ ಬೆಳಿಗ್ಗೆ ವಾಪಸು ಹೋಗಬೇಕಿತ್ತು. ಮೊದಲು ಅವನ್ನೇ ಹೊಸ ತಟ್ಟೆಗಳಿಗೆ ಖಾಲಿ ಮಾಡಿದರು. ತಾತ ಬಾಗಿಲಾಚೆ ನಿಂತು ಎಲ್ಲವನ್ನೂ ನೋಡಿದರು. ಅವ್ವ ತಾತನಿಗೆ ಹೇಳಬೇಕಾದ ಮಾತನ್ನು ಕೂಡಿಸಿಕೊಳ್ಳುತ್ತಿದ್ದಾಳೆ ಎಂದು ಮಲ್ಲಾಜಿಗೆ ಅನ್ನಿಸಿತು. ಆದರೆ ತಾತನೇ ಮೊದಲು ಮಾತಾಡಿದರು.

"ಪುಟ್ಟಬಸಮ್ಮ, ಇವತ್ತೊಂದಿನ ಜಗಲಿ ಮೇಲೆ ಮಲಿಕತೀನಿ. ಮುಂದ್ಲ ಬೆಳೆಗಾದ್ರೂ ತಟ್ಟೆ ಮೊದ್ಲೇ ತಂದಿಕ್ಕು. ಪ್ರತಿ ಸಲ ನನ್ನ ಮಂಚ ಕೊಡಾಕಾಯ್ತದಾ?"

ಅವ್ವ ಹಿಡಿದ ಸೊಪ್ಪು ಹಿಡಿದ ಹಾಗೇ ನಿಂತಳು. "ಆಗ್ಲಿ ಮಾವ," ಎನ್ನುವಷ್ಟರಲ್ಲಿ ತಾತ ಹಾಸಿಗೆ ಬಗಲಲ್ಲಿಟ್ಟುಕೊಂಡು ಹೊರಗೆ ನಡೆದಿದ್ದರು.

ಊಟವಾದ ಮೇಲೆ ಅಪ್ಪ ಎತ್ತುಗಳ ಹತ್ತಿರ ಮಲಗಲು ಹೋದ. ಮುಂದಿನ ಸಲ ಸೊಪ್ಪು ಹಾಕುವ ತನಕ ಒರಗೋಣವೆಂದು ಅವ್ವ ಕೋಣೆಯ ಹೊಸ್ತಿಲ ಪಕ್ಕಕ್ಕೆ ಹೋದಳು. ಅಲ್ಲಿ ಬೀಸುವ ಕಲ್ಲಿಗೂ ಗೋಡೆಗೂ ನಡುವೆ ಒಂದು ಸಂದು. ಅವ್ವ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ಆ ಸಂದಿಗೆ ಸರಿಯಾಗಿ ಕೂತಳು. ಎಷ್ಟು ಸರಿಯಾಗಿ ಎಂದರೆ, ಆ ಸಂದನ್ನು ಅವಳ ಅಳತೆಗೇ ಬಿಟ್ಟ ಹಾಗಿತ್ತು.

ಹುಳು ಬಂದಾಗಿನಿಂದ ಅವ್ವ ಇಲ್ಲೇ ಮಲಗುತ್ತಿದ್ದಳೇ? ಅದಕ್ಕೂ ಮುಂಚೆ ಎಲ್ಲಿ ಮಲಗುತ್ತಿದ್ದಳು? ಮಲ್ಲಾಜಿ ನೆನಪು ಮಾಡಿಕೊಳ್ಳಲು ನೋಡಿದಳು. ಅವಳು ಮಲಗುವಾಗ ಅವ್ವ ಕೆಲಸ ಮಾಡುತ್ತಿರುತ್ತಿದ್ದಳು. ಅವಳು ಏಳುವಾಗಲೂ ಕೆಲಸ ಮಾಡುತ್ತಿರುತ್ತಿದ್ದಳು.

ಪಡಸಾಲೆಯಲ್ಲಿ ಮಂಚವಿದ್ದ ಜಾಗ ಬಯಲಾಗಿತ್ತು. ಮಲ್ಲಾಜಿ ತನ್ನ ಚಾಪೆ ತಂದು ಅಲ್ಲಿ ಉದ್ದಕ್ಕೆ ಬಿಚ್ಚಿದಳು. ಒಬ್ಬರಿಗೇ ಸರಿ. ನಿಂತು ನೋಡಿ, ಚಾಪೆಯನ್ನು ತಿರುಗಿಸಿ ಅಡ್ಡ ಹಾಸಿದಳು.

"ಅವ್ವ, ಇಲ್ಲಿ ಬಾ."

"ಕಾಲು ನೆಲಕ್ಕೆ ಬತ್ತದಲ್ಲಮ್ಮಿ."

"ಬರ್ಲಿ. ಬೆನ್ನಿಗೆ ಚಾಪೆ ಅದೆ. ಇಬ್ರಿಗೂ ಆಯ್ತದೆ."

ಅವ್ವ ಬಂದು ಮಲಗಿದಳು. ಮೊದಲು ಮಂಡಿ ಮಡಚಿಕೊಂಡೇ ಇದ್ದಳು. ಒಳಗೆ ತಟ್ಟೆಗಳಲ್ಲಿ, ತಾತನ ಮಂಚದ ಮೇಲೆ ಸೊಪ್ಪು ಮೇಯುವ ಸದ್ದು ಒಂದೇ ಸಮ ಬರುತ್ತಿತ್ತು. ಮಲ್ಲಾಜಿ ಅಲುಗದೆ ಕಾದಳು. ಆಮೇಲೆ ಅವ್ವನ ಕಾಲುಗಳು ಮೆಲ್ಲಗೆ ನೆಟ್ಟಗಾಗಿ, ಚಾಪೆ ದಾಟಿ, ತಣ್ಣನೆಯ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡವು.

ಅವ್ವ ಇಷ್ಟು ಉದ್ದ ಇದ್ದಾಳೆ ಎಂದು ಮಲ್ಲಾಜಿಗೆ ಗೊತ್ತೇ ಇರಲಿಲ್ಲ.