ಹಗೇವಿನ ಬಾಯಿ

ಒಂದು ಕಾಲು ಹಗೇವಿನೊಳಗೆ. ಇನ್ನೊಂದು ಅಂಚಿನ ಮೇಲೆ.

"ಇಳಿಯಲೇ ಭರಮ್ಯಾ! ಅಂಜ್ತೀಯೇನ?"

ಕೂಗಿದವನು ಸುಭಾಸ. ನನ್ನ ಜೀವದ ಗೆಳೆಯ. ಕೈಯಲ್ಲಿ ಕಬ್ಬಿಣದ ಹಾರೆ.

ಹಗೇವು ಗೊತ್ತಲ್ಲ? ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು... ನಮ್ಮೂರ ಪುಢಾರಿಗಳ ಹಾಗಲ್ಲ, ಅವರಿಗೆ ಎರಡೂ ದೊಡ್ಡವೇ!

ನನ್ನ ಕೆಲಸ ಮ್ಯಾಪಿಂಗ್, ಫೋನಿನ ನಕಾಶೆಗೆ ಓಣಿಗಳ ಫೋಟೋ ತುಂಬುವುದು. ಹೆಲ್ಮೆಟ್ ಮೇಲೆ ಕ್ಯಾಮೆರಾ, ಕೆಳಗೆ ಬೈಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಓಣಿ ಓಣಿ ಸುತ್ತಿದ್ದೇನೆ. ಹಳೇ ಕಾಲದ ದೊಡ್ಡ ಮನೆ, ನಮ್ಮ ಕಡೆಯ ವಾಡೆ, ಕಂಡರೆ ಸಾಕು, ಇಳಿದು ಫೋಟೋ ಹೊಡೆಯುತ್ತೇನೆ. ಅದು ಚಟ. ಹೊಡೆದದ್ದನ್ನೆಲ್ಲ ಮೊದಲು ಕಳಿಸುತ್ತಿದ್ದದ್ದು ಸುಭಾಸನಿಗೆ. ಅವನದು ಟೆಂಪೋ ಧಂಧೆ. "ಮಸ್ತ್ ಅದ ದೋಸ್ತ" ಅನ್ನುತ್ತಿದ್ದ. ನಾನು ಉಬ್ಬುತ್ತಿದ್ದೆ!

ಆಮೇಲೆ ನೇಸರಗಿಯ ಭಾಗೀರಥಿ ಅಕ್ಕನ ವಾಡೆಯಲ್ಲಿ ಕಳವಾಯಿತು. ಆಕೆ ಧಾರವಾಡಕ್ಕೆ ಮದುವೆಗೆ ಹೋಗಿದ್ದಾಗ ಕೆತ್ತನೆಯ ತಲಬಾಗಿಲನ್ನೇ ಕಿತ್ತುಕೊಂಡು ಹೋಗಿದ್ದರು. ಉಂಡೂ ಹೋದ, ಕೊಂಡೂ ಹೋದ ಅನ್ನುವ ಜಾತಿ!

"ಗ್ವಾಡಿ ಬೇಕಾದ್ರ ಬೀಳ್ಲಿ ಭರಮಪ್ಪ," ಅಕ್ಕ ಅತ್ತಿದ್ದಳು. "ಅಜ್ಜ ನಿಲ್ಲಿಸಿದ ಬಾಗಲಾ ನನಗ ಬೇಕು."

ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟೆ. ಆ ಓಣಿಯಲ್ಲಿ ನನ್ನ ಹೆಲ್ಮೆಟ್ ಕ್ಯಾಮೆರಾ ಹೊಡೆದ ಫೋಟೋಗಳನ್ನು ಇವತ್ತು ಬಿಚ್ಚಿ ನೋಡುತ್ತೇನೆ ಅಂತ ಬೆಳಿಗ್ಗೆ ಚಹಾದಂಗಡಿಯಲ್ಲಿ ಸುಭಾಸನಿಗೂ ಹೇಳಿದೆ.

"ಫೋಟೋ ಬಿಡಲೇ. ಸುಳಿವು ಸಿಕ್ಕೈತಿ," ಅಂದ. "ಬಾಗಲದ ಹಿತ್ತಾಳಿ ಗುಬ್ಬಿಮೊಳಿ ಕಿತ್ತು ಒಂದು ಹಾಳು ವಾಡೇದ ಹಗೇವಿನ್ಯಾಗ ಒಗದಾರ."

ನಂಬಿ ಅವನ ಜೊತೆ ಈ ಹಾಳು ವಾಡೆಗೆ ಬಂದೆ. ಹಗ್ಗ ಹಿಡಿದೆ. ಒಂದು ಕಾಲು ಇಳಿಸಿದೆ.

"ಯಾವಾಗ ತಗದಿ ಇದರ ಬಾಯಿ ಚಪ್ಪಡಿ?" ಕೇಳಿದೆ.

"ನಿನ್ನೀನ. ಗಾಳಿ ಆಡೇತಿ. ಇಳಿ!"

ಮುಚ್ಚಿದ್ದ ಹಗೇವಿಗೆ ನಮ್ಮ ಕಡೆ ಯಾರೂ ಸೀದಾ ಇಳಿಯುವುದಿಲ್ಲ. ಒಂದು ದಿನ ಬಾಯಿ ತೆರೆದಿಡುತ್ತಾರೆ, ಆಮೇಲೆ ದೀಪ ಇಳಿಸಿ ನೋಡುತ್ತಾರೆ. ಒಳಗಿನ ಕೆಟ್ಟ ಗಾಳಿ ಕುಡಿದವನು ಮೇಲೆ ಬರುವುದಿಲ್ಲ. ಸುಭಾಸನೂ ಒಕ್ಕಲುತನದ ಮನೆಯವನೇ. ಅವನಿಗೆ ಗೊತ್ತಿಲ್ಲವೇ?

ಆಗ ಕಂಡವು ಇರುವೆಗಳು. ಚಪ್ಪಡಿ ಕಿತ್ತ ಅಂಚಿನಲ್ಲಿ ಬಿಳೀ ಮೊಟ್ಟೆ ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡುತ್ತಿದ್ದವು. ಆ ಗೂಡು ಒಡೆದದ್ದು ನಿನ್ನೆಯಲ್ಲ. ಈಗ!

ಕಾಲು ಎಳೆದುಕೊಂಡೆ. ಹೆಗಲಿನ ಟವೆಲ್ ಹರಿದು, ಹಗ್ಗಕ್ಕೆ ಕಟ್ಟಿ, ಬೆಂಕಿ ಹಚ್ಚಿ ಇಳಿಬಿಟ್ಟೆ.

ಪುಕ್ಕಂತ ಆರಿತು.

"ಸುಭಾಸ..." ಅವನ ಕಡೆ ತಿರುಗಿದೆ. "ಯಾಕಲೇ?"

"ನಿನ್ನ ಕ್ಯಾಮೆರಾದಾಗ ನನ್ನ ಟೆಂಪೋ ಬಿದ್ದೈತಿ. ಬಾಗಲಾ ಏರಿಸೂ ಹೊತ್ತಿನ್ಯಾಗ ಅದ ಓಣ್ಯಾಗ ಹಾದು ಹೋದಿ."

ದೇವರಾಣೆ, ನಾನು ನೋಡಿರಲೇ ಇಲ್ಲ! ಯಾವ ಮನೆಯಲ್ಲಿ ಏನಿದೆ ಅಂತ ಇವನಿಗೆ ತೋರಿಸಿಕೊಟ್ಟವನು ನಾನೇ. ಕಣ್ಣಲ್ಲಿ ನೀರು ಬಂತು. ನಾಚಿಕೆ ಯಾಕೆ, ಬಂತು!

ಹಾರೆ ಬೀಸಿದ. ಬಗ್ಗಿದೆ. ಕಿವಿಯ ಪಕ್ಕ ಸುಂಯ್ ಅಂತು. ಬೀಸಿದ ರಭಸಕ್ಕೆ ಅವನ ಕಾಲು ಜಾರಿತು. ಹಾರೆ ಒಳಗೆ. ಹಿಂದೆಯೇ ಅವನು! ಮೊಣಕೈಗಳು ಮಾತ್ರ ಅಂಚಿಗೆ ಸಿಕ್ಕಿಕೊಂಡಿದ್ದವು.

"ಭರಮ್ಯಾ... ಕೈ ಹಿಡಿಯೋ!"

ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಬಾಗಲಾ ಎಲ್ಲೈತಿ?"

"ದೋಸ್ತ..."

"ಬಾಗಲಾ!"

ಒಂದು ಮೊಣಕೈ ಜಾರಿತು.

"ರಾಮದುರ್ಗ ರೋಡಿನ್ಯಾಗ... ನಮ್ಮ ಮಾವನ ಗೋದಾಮದಾಗ... ಇನ್ನೂ ಮಾರಿಲ್ಲೋ! ಎಳಿಯೋ!"

ಬಿಟ್ಟುಬಿಡು ಅಂತು ಮನಸ್ಸು. ಸುಳ್ಳು ಯಾಕೆ ಹೇಳಲಿ? ಆದರೂ ಕಾಲರ್ ಹಿಡಿದು ಎಳೆದೆ. ಅವನು ಕೆಮ್ಮುತ್ತಿರುವಾಗಲೇ ಅದೇ ಹಗ್ಗದಿಂದ ಕೈ ಬಿಗಿದೆ.

"ನಿನ್ನ ಉಪಕಾರ ಸಾಯೂತನಕ ಮರಿಯಂಗಿಲ್ಲ ದೋಸ್ತ..."

"ಉಪಕಾರ ಅಲ್ಲಲೇ," ಅಂದೆ. "ಆ ಬಾಗಲಾ ಹೊರಾಕ ಇಬ್ಬರು ಬೇಕು!"